ಲೋಕಾಪುರದ ತನಕ

ಜಮಖಂಡಿ ಡಿಪೋದಾಗ ಆರು ತಿಂಗಳ ರಜಾ ಬರೆದು ಕೊಟ್ಟು
ಚೀಲ, ಟಿಕೀಟಿನ ಮಷೀನು, ಎಂಟು ರೂಪಾಯಿ ಚಿಲ್ಲರ
ಎಲ್ಲಾ ಎಣಿಸಿ ಒಪ್ಪಿಸಿದೆ.
ಎಣಿಸಿ ಕೊಡಾಕ ಬಾರದ ಕೆಮ್ಮು ಒಂದ
ನನ್ನ ಕೂಡ ಮನಿಗಿ ಬಂತು.

ಮೊದಲ ತಿಂಗಳು ಏನೂ ಇಲ್ಲ.
ಗ್ವಾಡಿ. ಗ್ವಾಡಿ ಮ್ಯಾಲಿನ ಹಲ್ಲಿ.
ಬರೀ ಹೊಟ್ಟಿಲೆ ನುಂಗೂ ಗುಳಿಗಿ,
ಕೇಸರಿ ಕಲಸಿಧಂಗ ಹೋಗೂ ಉಚ್ಚಿ.
“ಹೆದರಬ್ಯಾಡ್ರಿ ಅಕ್ಕಾರ, ಔಷಧ ಕೆಲಸ ಮಾಡಾಕತ್ತೈತಿ”
ಅಂದ್ಲು ಆಶಾ ಕಾರ್ಯಕರ್ತಿ ನೀಲಗಂಗಾ.
ನನ್ನ ಲೋಟಾ ಬ್ಯಾರೆ, ನನ್ನ ಗಂಗಾಳ ಬ್ಯಾರೆ.
ಯಾರೂ ಹೇಳಿರಲಿಲ್ಲ, ನಾನ ಬ್ಯಾರೆ ಇಟ್ಟಿದ್ದೆ.

ಒಳಗ ಬರಬ್ಯಾಡ ಅಂದ್ರ
ಹೊಸ್ತಿಲ ಮ್ಯಾಲೆ ಕುಂತಾಕಿ ಹಾಜರಾಬಿ.
ದಾರದ ಉಂಡಿ ಉರುಳಿಸಿದ್ಲು, ಸೂಜಿ ಅದರಾಗ ಚುಚ್ಚಿತ್ತು.
“ಟಿಕೀಟ ಹರದ ಕೈ ಸುಮ್ನ ಕುಂತ್ರ ಕೊಳೀತಾವ. ಹೊಲಿ.”

ಟ್ರಂಕು ತಗದೆ.
ಅವ್ವನ ಇಳಕಲ್ ಸೀರಿಯ ಸವದ ಸೆರಗು,
ತಮ್ಮ ಬಸಪ್ರಭುನ ಸಾಲಿ ಅಂಗಿ,
ಗುಳೇದಗುಡ್ಡದ ಖಣದ ಎರಡು ಕುಪ್ಪಸ
ಈಗ ನನ್ನ ತೋಳಿನ್ಯಾಗ ಜೋಲಾಡುವಂಥಾವು,
ಮತ್ತ ಖಾಕಿ, ಮೂರು, ನನ್ನವ.
ಕಿಸೆದ ತಳದಾಗ ಇನ್ನೂ ನಾಣ್ಯದ ಗುಂಡನ್ನ ಕಲಿ.

ಕೌದಿ ಹೊಲಿಯೂದು ಅಂಚಿನಿಂದ ಒಳಗ, ಸುತ್ತು ಸುತ್ತು.
ಮೊದಲ ದಿನ ಹನ್ನೊಂದು ಟಾಕಿ.
ಗಾಡಿ ಸ್ಟ್ಯಾಂಡೂ ಬಿಡಲಿಲ್ಲ, ಬೆವತು ಮಲಗಿದೆ.
ಮರುದಿನ ಒಂಬತ್ತ.
ಮೂರನೇ ದಿನ ಸೂಜ್ಯಾಗ ದಾರ ಪೋಣಿಸಿದ್ದು, ಅಷ್ಟ.

ಆಮ್ಯಾಲೆ ನಾಲ್ಕು ಮೂಲಿಗಿ ನಾಲ್ಕು ಹೆಸರು ಇಟ್ಟೆ.
ಇದು ಜಮಖಂಡಿ, ಅದು ಮುಧೋಳ,
ಆಚೆ ಲೋಕಾಪುರ, ಈಚೆ ಬಾಗಲಕೋಟಿ.
ಹದಿನಾಲ್ಕು ವರ್ಷ ನಿಂತ ಕಾಲಿಲೆ ಹೋದ ದಾರಿ
ಈಗ ಕುಂತಲ್ಲೇ, ಬೆರಳು ಬೆರಳು.

ಮುಧೋಳ ಮುಟ್ಟಾಕ ಒಂಬತ್ತು ದಿನ ಹಿಡೀತು.
ಘಟಪ್ರಭಾ ಪೂಲಿನ ಮ್ಯಾಲೆ ದಮ್ಮು ಕಟ್ಟಿ
ಎರಡು ದಿನ ನಿಂತ ಬಿಟ್ಟೆ.
ಖಾಕಿ ಮ್ಯಾಲೆ ಸೂಜಿ ಒಲ್ಲೆ ಅಂತೈತಿ,
ಸೆರಗಿನ್ಯಾಗ ಬೆಣ್ಣ್ಯಾಗಿನ ಕೂದಲ ಎಳದಂಗ.

ಹಿಂದಿನ ಸೀಟಿನ್ಯಾಗ ಕೆಮ್ಮಿದವರ ಮುಖ ನೆನಪಾಗತಾವ.
ಯಾರಿಂದ ಬಂತು ಅಂತ ಹುಡುಕೂದು ಬಿಟ್ಟೀನಿ.
ಕಾಗದ ಬಿಚ್ಚಿ ಮಿರ್ಚಿ ಬಜಿ ಮುಂದ ಹಿಡದು
“ತಗೋರಿ ಅಕ್ಕಾರ, ಬಿಸಿ ಐತಿ” ಅಂದವರೂ ಅವರ.
ಮಳಿ ಬಂತಂತ ಗಾಜು ಮುಚ್ಚಿಸಿದಾಕಿ ನಾನ.

ತೂಕ ಮೂವತ್ತೆಂಟು. ಮತ್ತ ಮೂವತ್ತೆಂಟು. ನಲವತ್ತರ ಮ್ಯಾಲೆ ಅರ್ಧ.
ನೀಲಗಂಗಾ ಕಾರ್ಡಿನ್ಯಾಗ ಬರೀತಾಳ.
ಈಗ ಲೋಟಾ ಬ್ಯಾರೆ ಇಟ್ರ ಆಕಿನ ಬೈತಾಳ.

ಹಾಜರಾಬಿ ಕೌದಿ ಹೊಳ್ಳಿಸಿ ಹಿಂಬದಿ ನೋಡಿದ್ಲು.
“ಇವು ನೋಡು, ಸೊಟ್ಟ ಸೊಟ್ಟ, ಜ್ವರದ ಟಾಕಿ.
ಇಲ್ಲಿಂದ ನೆಟ್ಟಗಾಗ್ಯಾವ. ಅವನ್ನ ಬಿಚ್ಚಿ ಹೊಲೀತಿ?”
ಒಲ್ಲೆ ಅಂದೆ.
ದಾರ ತುಟ್ಟಿ ಆಗೈತಿ.

ಒಂದಿನ ಸೀಟಿ ಹುಡುಕಿ ಊದಿದೆ.
ಅರ್ಧ ದನಿ ಬಂತು.
ಓಣಿ ನಾಯಿ ಕಿವಿ ಎತ್ತಿ, ಮತ್ತ ಮಲಗಿತು.

ನಡುವ ಈಗ ಗೇಣು ಜಾಗ ಉಳದೈತಿ.
ಅಲ್ಲಿ ಒಂದು ತುತ್ತು ಇಟ್ಟು ಮುಚ್ಚಬೇಕಂತ,
ಕೌದಿ ಹಸದಿದ್ರ ಹೊಚ್ಚಿಕೊಂಡವರೂ ಹಸದಿರತಾರಂತ.
ಅವ್ವ ಹಂಗ ಮಾಡತಿದ್ಲು. ಹಾಜರಾಬಿ ಮನ್ಯಾಗೂ ಹಂಗ ಅಂತ.
ನಿನ್ನೆ ಎದ್ದು ಹೂರಣ ರುಬ್ಬಿ ಹೋಳಿಗಿ ಮಾಡಿದೆ.
ತುಣುಕು ಮುರದು ಖಾಕಿ ಮ್ಯಾಲೆ ಇಟ್ಟೆ,
ದಾರ ಹುಡುಕಾಕ ಅತ್ತ ತಿರುಗಿದೆ,
ಇತ್ತ ನೋಡಿದ್ರ ಇಲ್ಲ.
ನನ್ನ ಬಾಯಾಗಿತ್ತು.
ಇನ್ನೊಂದು ಬೇಕನಿಸಿತು. ಅದನ್ನೂ ತಿಂದೆ, ತುಪ್ಪ ಹಚ್ಚಿ.
ಹಂಗ ಅನಿಸಿ ಐದು ತಿಂಗಳಾಗಿತ್ತು.

ಕೌದಿ ಹಂಗ ಐತಿ,
ಸೂಜಿ ಲೋಕಾಪುರದಾಗ ನಿಂತೈತಿ.
ನಾಳೆ ಮತ್ತ ಬ್ಯಾಳಿ ಕುದಿಸಾಕ ಇಡಬೇಕು, ಈ ಸಲ ಸ್ವಲ್ಪ ಜಾಸ್ತಿ.