ಕಾರ್ಖಾನೆ ಅಂತ ಬರೆದೆ

ಚುನಾವಣೆ ಬಂತೆಂದರೆ ಆಲ್ದೂರು ಠಾಣೆಗೆ
ಕೋವಿಗಳು ಬರುತ್ತವೆ ಠೇವಣಿಗೆ.
ಗೋಣಿತಾಟಿನಲ್ಲಿ ಸುತ್ತಿದ್ದು, ಹಳೇ ಪಂಚೆಯಲ್ಲಿ ಸುತ್ತಿದ್ದು,
ಒಂದಂತೂ ಮಗುವಿನ ರಗ್ಗಿನಲ್ಲಿ.
ನಾನು ಠಾಣೆಯ ರೈಟರ್. ಬರೆಯೋದು ಕೆಲಸ:
ಒಂಟಿನಳಿಗೆ, ಜೋಡುನಳಿಗೆ, ಕೇಪಿನ ಕೋವಿ.
ಹಂದಿ ಓಡಿಸುವ, ಮಂಗ ಬೆದರಿಸುವ,
ಬಹುಪಾಲು ಗೋಡೆಗೊರಗಿ ತುಕ್ಕು ಹಿಡಿಯುವ ಜಾತಿ.

ಬೊನಿಫಾಸ್ ಲೋಬೊ ಮಾತ್ರ ಮೂರು ತರೋರು.
ಕಾಫಿ ಪಲ್ಪರ್ ರಿಪೇರಿಯ ಕೈ, ಉಗುರಿನ ಸಂದಿಗೆಲ್ಲ ಗ್ರೀಸು.
ಟೇಬಲ್ಲಿನ ಮೇಲೆ ಒಂದೊಂದನ್ನೇ ಮಲಗಿಸಿ
"ನಿಧಾನ ರೈಟರ್ರೇ, ಇವು ನನಗಿಂತ ಹಿರಿಯರು" ಅನ್ನೋರು.
ತಯಾರಿಕೆ ಯಾರದ್ದು? ಕೇಳಿದೆ.
ಕಾರ್ಕಾನೋ, ಅಂದರು.
ಕಾರ್ಖಾನೆ, ಅಂತ ಬರೆದೆ.
ಎರಡು ಚುನಾವಣೆ ಅದು ಕಾರ್ಖಾನೆಯಾಗೇ ಇತ್ತು.

ಆಮೇಲೆ ಕಲಿತೆ.
ಉದ್ದದ್ದು ಮೈಸೂರಿನ ಹರಾಜಿನಲ್ಲಿ ಸಿಕ್ಕಿದ್ದು.
ಕುದುರೆ ಪಡೆಯದಕ್ಕೆ ಮೂತಿಯಲ್ಲೇ ಮಡಚುವ ಚೂರಿ,
ಅಡಕತ್ತರಿಯ ಹಾಗೆ.
ಮೂರನೆಯದು ಗಿಡ್ಡ. ಆಫ್ರಿಕದ ಯಾವುದೋ ಗುಡ್ಡದಡಿ
ಕೈಯೆತ್ತಿದ ಇಟಲಿಯವರು ರಾಶಿ ಹಾಕಿದ್ದರಲ್ಲಿ ಒಂದು;
ಸುಬೇದಾರರೊಬ್ಬರ ಟ್ರಂಕಿನಲ್ಲಿ ಸಮುದ್ರ ದಾಟಿತಂತೆ.
ಹಿಡಿಯ ಮರದಲ್ಲಿ ಯಾರೋ ಚಾಕುವಿನಿಂದ
ಎರಡಕ್ಷರ ಕೊರೆದಿದ್ದಾನೆ, ಮೂರನೆಯದು ಅರ್ಧ.
ಊಟದ ಗಂಟೆ ಹೊಡೆದಿರಬೇಕು.

ಅದರ ಗುರಿಕಣ್ಣು ಅಲ್ಲಾಡೋದಿಲ್ಲ.
"ಇನ್ನೂರು ಮೀಟರಿಗೆ ಕಟ್ಟಿಹಾಕಿದ್ದಾರೆ," ಲೋಬೊ ಹೇಳೋರು,
"ಇದರ ಲೆಕ್ಕದಲ್ಲಿ ಶತ್ರು ಯಾವತ್ತೂ ಅಲ್ಲೇ ನಿಂತಿರುತ್ತಾನೆ.
ಹತ್ತಿರ ಬಂದವನ ತಲೆಯ ಮೇಲೆ ಹಾದುಹೋಗುತ್ತೆ ಗುಂಡು."

ಆಮೇಲೆ ಕಾನೂನು ಬಂತು: ಒಬ್ಬರಿಗೆ ಎರಡೇ.
ನೋಟೀಸು ನಾನೇ ಒಯ್ದುಕೊಟ್ಟೆ.
ಓದಿ, ನಾಲ್ಕು ಮಡಿಕೆ ಮಾಡಿ,
ಕಾಲು ಕುಂಟುತ್ತಿದ್ದ ಮೆಷಿನ್ನಿನ ಅಡಿಗಿಟ್ಟರು.

ಒಪ್ಪಿಸುವ ಹಿಂದಿನ ದಿನ ಕರೆದರು, ಕಲ್ಲುಕ್ವಾರಿಗೆ.
ನಾನು ರಜೆಯಲ್ಲಿದ್ದೆ. ಕಾನೂನೂ ಅರ್ಧ ದಿನ ರಜೆ ಹಾಕಿತ್ತು.
ಬಿಸ್ಕತ್ ಡಬ್ಬದ ಅಕ್ಕಿಯೊಳಗಿಂದ ಹೆಕ್ಕಿ ತೆಗೆದರು
ತೇವ ಮುಟ್ಟದಂತೆ ಇಟ್ಟಿದ್ದ ಆರು ಗುಂಡು.
ಅಂಗಡಿಯಲ್ಲಿ ಸಿಗೋದಿಲ್ಲ, ಇನ್ನು ಮಾಡೋರೂ ಇಲ್ಲ.
ಆರನ್ನೂ ಹಿಡಿದ ಹಿತ್ತಾಳೆ ಕ್ಲಿಪ್ಪು
ಕ್ಲಿಪ್ಪಿನ ಸಮೇತ ಒಳಗೆ.
ಎದುರಿಗೆ ಎಣ್ಣೆ ಡಬ್ಬಿ.

ಮೊದಲನೆಯದು ಡಬ್ಬಿಯ ಮೇಲಿನ ಬಂಡೆಗೆ.
ಎರಡನೆಯದೂ.
ಮೂರನೆಯದು ಟಿಕ್ ಅಂತು, ಅಷ್ಟೇ. ಎಂಬತ್ತು ವರ್ಷ, ಪಾಪ.
ನಾಲ್ಕು, ಐದು. ಡಬ್ಬಿ ಮಗುಚಿತು. ಲೋಬೊ ನಗಲಿಲ್ಲ.
"ನೀವು" ಅಂದರು.
ಇಪ್ಪತ್ತಾರು ವರ್ಷ ಕೋವಿ ಎಣಿಸಿದವನು ನಾನು,
ಲಾಠಿ ಬಿಟ್ಟರೆ ಕೈಗೆ ಬಂದದ್ದು ಪೆನ್ನು.
ಬೋಲ್ಟು ಮುಂದಕ್ಕೆ ತಳ್ಳಿದೆ. ಕೊನೆಯ ಗುಂಡು ನಳಿಗೆ ಸೇರುತ್ತಲೇ
ಹೊಟ್ಟೆಯಡಿಯ ಕಿಂಡಿಯಿಂದ ಖಾಲಿ ಕ್ಲಿಪ್ಪು
ಕಲ್ಲಿನ ಮೇಲೆ ಬಿತ್ತು. ಠಿಂಗ್.
"ಆ ಸದ್ದು ಕೇಳಿದ ಸಿಪಾಯಿಗೆ ಗೊತ್ತಾಗೋದು," ಅಂದರು,
"ಇನ್ನೊಂದೇ ಅಂತ."

ಡಬ್ಬಿಗೆ ಒಂದು ಗೇಣು ಕೆಳಗೆ ಗುರಿಯಿಡಬೇಕಿತ್ತು.
ನೇರ ಡಬ್ಬಿಗೇ ಇಟ್ಟೆ.
ಭುಜಕ್ಕೆ ಎಮ್ಮೆ ಹಾಯ್ದ ಹಾಗಾಯಿತು.
ಗುಂಡು ಇನ್ನೂರು ಮೀಟರಿನವನನ್ನು ಹುಡುಕುತ್ತಾ
ಎಲ್ಲಿಗೆ ಹೋಯಿತೋ.

ಬೆಳಿಗ್ಗೆ ಬಂದರು, ಗಿಡ್ಡದನ್ನೇ ತಂದಿದ್ದರು.
ಯಾಕೆ ಅದೇ ಅಂತ ಕೇಳಲಿಲ್ಲ.
ಪಲ್ಪರಿನ ಬೇರಿಂಗಿನ ಬೆಲೆ ಮಾತಾಡಿದರು,
ಟೀ ಕುಡಿದರು, ಸಹಿ ಹಾಕಿದರು.
ಬರೆದೆ:
ತಯಾರಿಕೆ, ಕಾರ್ಕಾನೋ. ಸ್ಥಿತಿ, ಚಾಲ್ತಿ. ಗುಂಡು, ಇಲ್ಲ.
ವಿಶೇಷ ಗುರುತು, ಎರಡೂವರೆ ಅಕ್ಷರ.

ಕ್ಲಿಪ್ಪು ರಿಜಿಸ್ಟರಿಗೆ ಹತ್ತಿಲ್ಲ.
ಮನೆಯಲ್ಲಿ ಕರೆಂಟು ಬಿಲ್ಲುಗಳನ್ನು ಹಿಡಿದು ಕೂತಿದೆ.