ನಾಲ್ಕನೇ ಜ್ವರ

ಬೆಳಗಿನ ಜಾವ ಐದಕ್ಕೆ ಸೊಪ್ಪಿನ ಹೊರೆ ಇಳಿಸಿ
ತಟ್ಟೆಗಳ ಮೇಲೆ ಟಾರ್ಚು ಹಿಡಿದರೆ
ಹುಳುಗಳೆಲ್ಲ ತಲೆಯೆತ್ತಿ ನಿಂತಿವೆ,
ಯಾರೋ 'ಪ್ರಾರ್ಥಿಸೋಣ' ಅಂದ ಹಾಗೆ.
ರಾತ್ರಿಯೆಲ್ಲ ಹೆಂಚಿನ ಮೇಲೆ ತುಂತುರು ಬಿದ್ದಂತಿದ್ದ
ಮೇಯುವ ಸದ್ದು
ಪೂರ್ತಿ ನಿಂತುಹೋಗಿದೆ.

ಇದು ನಾಲ್ಕನೇ ಜ್ವರ.
ಜಂಗಮಕೋಟೆಯ ಈ ಕಡೆ ನಾವು ಹಾಗೇ ಅನ್ನುವುದು.
ರೇಷ್ಮೆ ಇಲಾಖೆಯವರು ಬಂದರೆ ನಗುತ್ತಾರೆ:
ಜ್ವರವಲ್ಲಮ್ಮ, ಪೊರೆ ಬಿಡೋದು.
ಇರಬಹುದು. ಮೈ ಬಿಗಿದು, ಹಸಿವು ಸತ್ತು,
ಬೆಳೆದ ಚರ್ಮದೊಳಗೆ ತಾನೇ ಹಿಡಿಸದೆ ಹೋಗುವುದಕ್ಕೆ
ಬೇರೆ ಏನನ್ನಬೇಕೋ ನನಗೆ ಗೊತ್ತಿಲ್ಲ.

ಅವತ್ತು ಭಾನುವಾರ.
ಜ್ವರದ ಹುಳ ಬಿಟ್ಟು ಹೇಗೆ ಬರಲಿ, ಎಂದು
ಸಭೆಗೆ ಹೇಳಿ ಕಳಿಸಿದೆ.
ನೆಪ. ಏಳು ವಾರದಿಂದ ಬಿಳಿ ಸೀರೆ
ಟ್ರಂಕಿನಲ್ಲಿ ನುಸಿಗುಳಿಗೆಯ ಜೊತೆ ಮಲಗಿದೆ.

ಹನ್ನೊಂದು ರಾತ್ರಿ
ಕೋಲಾರದ ಆಸ್ಪತ್ರೆ ವರಾಂಡದಲ್ಲಿ ಕೂತು ಕೇಳಿಕೊಂಡೆ.
ಮೆಲ್ಲಗೆ ಕೇಳಿದೆ, ಜಗಳವಾಡಿ ಕೇಳಿದೆ,
ನರ್ಸಮ್ಮ 'ಸದ್ದು ಮಾಡಬೇಡಿ' ಅಂದ ಮೇಲೆ
ತುಟಿ ಮಾತ್ರ ಅಲ್ಲಾಡಿಸಿ ಕೇಳಿದೆ.
ಹನ್ನೆರಡನೆಯ ದಿನ
ತಮ್ಮ ದಯಾಸಾಗರನ ಚಪ್ಪಲಿ ಕವರಿನಲ್ಲಿ ಹಿಡಿದು
ಚಿಂತಾಮಣಿ ಬಸ್ಸು ಹತ್ತಿದೆ.
ಕಂಡಕ್ಟರು ಚಿಲ್ಲರೆ ಕೇಳಿದ. ಕೊಟ್ಟೆ.

ಅಯ್ಯನವರು ಫೋನು ಮಾಡಿದ್ದರು:
ನಂಬಿಕೆ ಬಿಡಬೇಡ ಸುಜ್ಞಾನಮ್ಮ.
ಬಿಟ್ಟಿಲ್ಲ ಅಯ್ಯನವರೇ,
ಎಲ್ಲಿಟ್ಟೆನೋ ಮರೆತಿದ್ದೀನಿ, ಅಂದೆ.
ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ.
ಅವರಿಗೂ ಹಾಗೆ ಆಗಿದ್ದಿರಬೇಕು ಯಾವಾಗಲೋ.

ಜ್ವರದಲ್ಲಿ ಸೊಪ್ಪು ಹಾಕಬಾರದು.
ಎಷ್ಟೇ ಎಳೆಯ ಎಲೆಯಿರಲಿ, ಕರುಳು ಚುರುಕ್ ಅಂದರೂ
ಹಾಕಬಾರದು. ಮುಟ್ಟಬಾರದು.
ಸುಣ್ಣದ ಪುಡಿ ತೆಳ್ಳಗೆ ಉದುರಿಸಿ
ಹಾಸಿಗೆ ಒಣಗಿಸಬೇಕು.
ಗಾಳಿ ಬೇಕು, ಬಿರುಗಾಳಿ ಬೇಡ.
ಕಿಟಕಿಯ ಗೋಣಿಯನ್ನು ಅರ್ಧ ಎತ್ತಿ, ಮತ್ತೆ ಇಳಿಸಿ,
ಮತ್ತೆ ಎದ್ದು ಹೋಗಿ ಅರ್ಧ ಎತ್ತಬೇಕು.
ಇರುವೆ ಹತ್ತದಂತೆ
ಸ್ಟ್ಯಾಂಡಿನ ಕಾಲುಗಳ ಬಟ್ಟಲಿಗೆ ನೀರು ತುಂಬಬೇಕು.

ಮೂರನೇ ಬಟ್ಟಲಿಗೆ ಸುರಿಯುತ್ತಿದ್ದೆ,
ಚೊಂಬು ಹಾಗೇ ನಿಂತಿತು ಕೈಯಲ್ಲಿ.
ನಿನ್ನೆಯಿಂದ ಒಂದು ಎಲೆಯನ್ನೂ ಕೊಟ್ಟಿಲ್ಲ ನಾನು.
ನಿನ್ನೆಯಿಂದ ಕಣ್ಣು ಮುಚ್ಚಿಯೂ ಇಲ್ಲ.
ಕತ್ತೆತ್ತಿ ನಿಂತ ಈ ಸಾವಿರ ಜೀವಕ್ಕೆ
ಇದರಲ್ಲಿ ಯಾವುದು ಗೊತ್ತಿದ್ದೀತು?

ಚೊಂಬಿನ ನೀರು ಪಾದದ ಮೇಲೆ ಚೆಲ್ಲಿ ತಣ್ಣಗಾಯಿತು.

ಮಗಳು ತಬಿತಾ, ಒಂಬತ್ತನೇ ಕ್ಲಾಸು,
ಪಕ್ಕದಲ್ಲಿ ಕಸ ಗುಡಿಸುತ್ತಿದ್ದಳು. ಅವಳಿಗೆ ಹೇಳಿದೆ.
ಪೊರಕೆ ನಿಲ್ಲಿಸದೆ ಕೇಳಿದಳು:
ಆಮೇಲೆ ಶಿಡ್ಲಘಟ್ಟದಲ್ಲಿ ಮಾರಿ
ಬಿಸಿನೀರಿಗೆ ಹಾಕಿಸ್ತೀಯಲ್ಲಮ್ಮ, ಅದು?

ಅದು.
ನನ್ನ ಹತ್ತಿರ ಉತ್ತರವಿಲ್ಲ.
ದೇವರು ಗೂಡಿನ ರೇಟಿಗೆ ಕಾದು ಕೂತವನಲ್ಲ ಕಣೇ, ಅಂದೆ;
ಸರಿಯಾಗಿ ಅಂದೆನೋ ಇಲ್ಲವೋ.
ನನ್ನ ಪ್ರೀತಿಗೆ ಕಿಲೋ ಲೆಕ್ಕವಿದೆ.
ಅವನದಕ್ಕೆ ಇಲ್ಲ ಅಂತ ನಂಬಿದ್ದೇನೆ.
ನಂಬಿದ್ದೇನೆ ಅನ್ನುವುದಕ್ಕೂ
ಒಂದು ಹಗಲು ಹಿಡಿಯಿತು.

ಸೋಮವಾರ, ಇನ್ನೂ ಕತ್ತಲೆ.
ಮೊದಲ ಹುಳ ಹಳೇ ಚರ್ಮವನ್ನು ಬಾಲದ ಕಡೆ ತಳ್ಳಿ
ಸುಕ್ಕು ಸುಕ್ಕಾಗಿ, ಮಾಸಲು ಬಣ್ಣದಲ್ಲಿ,
ಚೆಂದವೇನೂ ಇಲ್ಲದೆ ಹೊರಬಂತು.
ಎಲ್ಲವೂ ಏಳುವ ತನಕ ಕಾದೆ.
ಪಕ್ಕದ ಮುನಿವೆಂಕಟಮ್ಮ ತನ್ನ ತೋಟದ ಸೊಪ್ಪನ್ನೂ
ಒಂದು ಹೊರೆ ತಂದು ಹಾಕಿ, ಲೆಕ್ಕ ಆಮೇಲೆ, ಅಂದು ಹೋದಳು.

ಎಲೆ ಹರವಿದೆ.
ಹೆಂಚಿನ ಮೇಲಿನ ತುಂತುರು ಮತ್ತೆ ಶುರುವಾಯಿತು,
ಒಂದು ಮೂಲೆಯಿಂದ, ಆಮೇಲೆ ಮನೆ ತುಂಬ.
ಆ ಸದ್ದಿನ ಕೆಳಗೆ, ಯಾರಿಗೂ ಕೇಳಿಸದ ಹಾಗೆ,
ಕರ್ತನೇ, ದಯಾಸಾಗರ ಅಂತ ಇದ್ದ
ನನಗೊಬ್ಬ ತಮ್ಮ, ಅಂದೆ.
ಅಷ್ಟೇ ಬಂದದ್ದು.
ಆಮೆನ್ ಅನ್ನಲಿಲ್ಲ,
ಇನ್ನೂ ಮಾತು ಮುಗಿದಿರಲಿಲ್ಲ.