ಅಲೆಗೆ ಮುಂಚೆ ಸೈರನ್

ಕೋಲಾರಕ್ಕೆ ಸಮುದ್ರ ಇಲ್ಲ.
ಶ್ರೀನಿವಾಸಪುರದ ರಸ್ತೆಯಲ್ಲಿ, ಮಾವಿನ ತೋಪು ಮುಗಿಯುವ ಕಡೆ
ನಾವೇ ಒಂದನ್ನು ಮಾಡಿಕೊಂಡಿದ್ದೆವು:
ನೀಲಿ ಬಳಿದ ಸಿಮೆಂಟು, ನಾಲ್ಕು ಮೋಟಾರು,
ಗಂಟೆಗೊಮ್ಮೆ ಹತ್ತು ನಿಮಿಷ ಅಲೆ.
ಅಲೆ ಬಿಡುವವನು ನಾನು.
ಬಿಡುವ ಮುಂಚೆ ಸೈರನ್ ಒತ್ತಬೇಕು, ನಿಯಮ.
ಒತ್ತಿದರೆ ಸಾಕು,
ಬೋಂಡ ತಿನ್ನುತ್ತಿದ್ದವರು ಬೋಂಡ ಬಿಟ್ಟು
ನೆರಿಗೆ ಎತ್ತಿ ಸಿಕ್ಕಿಸಿಕೊಂಡು ಅಜ್ಜಿಯರೂ ಎದ್ದು
ಇಡೀ ಪಾರ್ಕು ಕಿರುಚುತ್ತಾ ನೀರಿಗೆ ಓಡುತ್ತಿತ್ತು.

ಆಮೇಲೆ ಬೀಗ.

ಯಾವಾಗ ತೆಗೀತೀರ?
ಹಾಲಿನ ಡೈರಿಯಲ್ಲಿ ಕೇಳಿದರು,
ರೇಷನ್ ಸಾಲಿನ ಸುಣ್ಣದ ವೃತ್ತದೊಳಗೆ ನಿಂತು ಕೇಳಿದರು.
ಮಾವು ಮುಗೀಲಿ ಅಂದೆ. ದಸರೆಗೆ ಅಂದೆ.
ಓನರ್ ನಾಗಿರೆಡ್ಡಿಯವರೇ ಫೋನು ಮಾಡಿ
ಯಾವಾಗಯ್ಯಾ ಅಂತ ನನ್ನ ಕೇಳಿದ ದಿನ
ಹೇಳುವುದು ಬಿಟ್ಟೆ.

ಒಳಗೆ ನಾವಿಬ್ಬರೇ.
ಬಾಡಿಗೆಯ ಇನ್ನೂರ ಹನ್ನೆರಡು ನೈಲಾನ್ ಚಡ್ಡಿಗಳನ್ನು
ಗುಲ್ಜಾರ್ ಬೀ ಹದಿನೈದು ದಿನಕ್ಕೊಮ್ಮೆ
ಒಗೆದು, ಒಣಗಿಸಿ, ಸೈಜಿನ ಪ್ರಕಾರ ಮಡಿಸುತ್ತಿದ್ದಳು.
ಯಾರೂ ತೊಟ್ಟಿರಲಿಲ್ಲ. ಬೂಸ್ಟು ಹಿಡಿಯತ್ತಲ್ಲಾ, ಅನ್ನುವಳು.
ನಾನು ಮಂಗಳವಾರ ಮೋಟಾರುಗಳನ್ನು ಕೈಯಲ್ಲೇ
ನಾಲ್ಕು ನಾಲ್ಕು ಸುತ್ತು ತಿರುಗಿಸಿ, ಗ್ರೀಸು ಒರೆಸಿಕೊಂಡು ಬರುವೆ.
ಕೋತಿಗಳು ಹಳದಿ ಜಾರುಬಂಡಿ ಹತ್ತಿದವು,
ಟಿಕೆಟ್ಟಿಲ್ಲ, ಎತ್ತರದ ಮಿತಿಯಿಲ್ಲ;
ಮರಿಯನ್ನು ಹೊಟ್ಟೆಗೆ ಅವುಚಿಕೊಂಡ ಒಬ್ಬಳು
ಹದಿನೇಳು ಸಲ ಜಾರಿದಳು.
ಆ ವರ್ಷ ನಾನು ನಕ್ಕಿದ್ದು ಅದೊಂದಕ್ಕೆ.

ಎರಡನೇ ಅಲೆ ಅಂದರು ಟೀವಿಯಲ್ಲಿ.
ಅಲೆ ಅಂದರೇನೆಂದು ನನಗೆ ಹೇಳಲು ಬಂದರು!
ಇದಕ್ಕೆ ಸ್ವಿಚ್ಚು ಇರಲಿಲ್ಲ.
ರಾತ್ರಿಯೆಲ್ಲಾ ರಸ್ತೆಯಲ್ಲಿ ಸೈರನ್,
ಕೋಲಾರದ ಕಡೆಗೆ ತುಂಬಿ, ಈ ಕಡೆಗೆ ನಿಧಾನ.
ಕೆಜಿಎಫ್‌ನ ಸೆಲ್ವರಾಜ, ನಮ್ಮ ಈಜು ಕಾವಲಿನವನು,
ಅಂಥದ್ದೊಂದರಲ್ಲಿ ಹೋದ.
ಅವನ ಸೀಟಿ ಪಂಪ್‌ಹೌಸಿನ ಮೊಳೆಯಲ್ಲಿ ಉಳಿಯಿತು.

ಕಡೆಗೂ ಆದೇಶ: ಅರ್ಧ ಜನ. ಮಾಸ್ಕು. ಕಿರುಚಬಾರದು.
ಸೀಟಿಯನ್ನು ಮೂರು ಸಲ ಕುದಿಸಿ
ಗುಲ್ಜಾರ್ ಬೀ ಹೊಸ ಹುಡುಗನಿಗೆ ಕೊಟ್ಟಳು.
ಅವನು ಕೊರಳಿಗೆ ಹಾಕಿಕೊಂಡ. ಬಾಯಿಗಿಡಲಿಲ್ಲ.

ಹನ್ನೆರಡಕ್ಕೆ ಸೈರನ್ ಒತ್ತಿದೆ.

ಯಾರೂ ಓಡಲಿಲ್ಲ.
ಬೋಂಡದ ಕೈ ಅಲ್ಲೇ ನಿಂತಿತು.
ಒಬ್ಬಾಕೆ ತಾಳಿ ಮುಟ್ಟಿಕೊಂಡಳು.
ಎಲ್ಲರ ಮುಖ ಗೇಟಿನ ಕಡೆಗೆ.
ಸೊಂಟದುದ್ದ ನೀರಲ್ಲಿ ನಿಂತಿದ್ದ ಗಂಡಸೊಬ್ಬ
ದಾರಿ ಬಿಡಲು
ಪಕ್ಕಕ್ಕೆ ಸರಿದ.

ಅಲೆ ಬಂತು, ಬರೀ ನೀರು.

ಅವತ್ತು ಸಂಜೆ ಸೈರನ್ನಿನ ಬಾಯಿಗೆ
ಎಕ್ಸೆಲ್ ಸೈಜಿನ ನಾಲ್ಕು ಚಡ್ಡಿ ಸುತ್ತಿ ದಾರ ಕಟ್ಟಿದೆ.
ಗುಲ್ಜಾರ್ ಬೀ ಏನೂ ಕೇಳಲಿಲ್ಲ,
ರಿಜಿಸ್ಟರಿನಲ್ಲಿ ಬರೆದುಕೊಂಡಳು:
ನಾಲ್ಕು ಹೋಗಿದೆ, ವಾಪಸು ಬಂದಿಲ್ಲ.

ನೆಗಡಿಯಾದ ಎಮ್ಮೆಯಂತೆ ಗೊಣಗುತ್ತಿತ್ತು ಅದು,
ಎಷ್ಟೋ ತಿಂಗಳು.
ಒಂದು ಬೇಸಿಗೆ, ಬಂಗಾರಪೇಟೆಯ ಸ್ಕೂಲಿನ ಹುಡುಗಿ,
ಹಲ್ಲು ಬಿದ್ದ ಬಾಯಿ, ನೀರೊಳಗಿಂದ ಕೂಗಿದಳು:
ಅಂಕಲ್, ಕೇಳ್ಸಲ್ಲ! ಜೋರಾಗ್ ಹಾಕಿ!
ಆ ರಸ್ತೆಯ ರಾತ್ರಿಗಳಲ್ಲಿ
ಅವಳು ತೊಟ್ಟಿಲಲ್ಲಿ ಇದ್ದಿರಬೇಕು.
ಒಂದು ಬಿಚ್ಚಿದೆ.
ಮಳೆಗಾಲ ಕಳೆದ ಮೇಲೆ ಇನ್ನೊಂದು.
ಮೂರನೆಯದು ಬಿಚ್ಚಿ, ವಾರ ಬಿಟ್ಟು ಮತ್ತೆ ಸುತ್ತಿ,
ಮತ್ತೆ ಬಿಚ್ಚಿದೆ.

ಈಗ ಭಾನುವಾರ ಬಸ್ಸು ನಿಲ್ಲಲು ಜಾಗವಿಲ್ಲ.
ಎಲ್ಲಾ ಮೊದಲಿನಂಗಾ, ಅಂತಾರೆ ನಾಗಿರೆಡ್ಡಿಯವರು.
ಕ್ಲೋರಿನ್ ಸರಿ ಇದೆ, ಮೋಟಾರು ಸರಿ ಇದೆ, ಅನ್ನುತ್ತೇನೆ.
ಜನ ಓಡುತ್ತಾರೆ, ಕಿರುಚುತ್ತಾರೆ,
ಯಾರೋ ಒಬ್ಬರು ಮಾತ್ರ
ಗೇಟಿನ ಕಡೆ ಒಮ್ಮೆ ನೋಡಿ ಆಮೇಲೆ ಇಳಿಯುತ್ತಾರೆ.
ಪ್ರತಿ ಸಲ ಬೇರೆ ಯಾರೋ.

ಗುಲ್ಜಾರ್ ಬೀ ಲೆಕ್ಕದಲ್ಲಿ ಮೂರು ವಾಪಸು.
ಇನ್ನೊಂದು ಯಾವಾಗ ಅಂತ ಅವಳೂ ಕೇಳಿಲ್ಲ.
ತಡೀರಿ, ಹನ್ನೆರಡಾಯಿತು.
ಒತ್ತಬೇಕು.